ಗವಳಿ ತಲಾವಿನ ಹಂಸ

ವೆಂಕಟಸುಬ್ಬಯ್ಯನವರು ಕೇಳಿದ್ದು ಸೊಳ್ಳೆಗೆ ಸ್ವಲ್ಪ ಔಷಧ. ಅಷ್ಟೇ.

ಮುಲುಂಡಿನ ಆ ಹಳೆಯ ಬಿಲ್ಡಿಂಗಿನ ನೆಲಮಹಡಿಯಲ್ಲಿ, ಮನೆಯೊಡತಿ ವಾರಿಜಕ್ಕನಿಗೆ ಬಾಡಿಗೆ ಕೊಟ್ಟುಕೊಂಡು ಅವರು ಹನ್ನೊಂದು ವರ್ಷದಿಂದ ಇದ್ದರು. ಬಾಲ್ಕನಿಯ ಎದುರಿಗೇ ಗವಳಿ ತಲಾವ್ ಎಂಬ ಕೆರೆ. ಹಿಂದೆ ಯಾವಾಗಲೋ ಅಲ್ಲಿ ಎಮ್ಮೆ ತೊಳೆಯುತ್ತಿದ್ದರಂತೆ. ಈಗ ಎಮ್ಮೆಗಳೂ ಮೂಸಿ ನೋಡಿ ಹಿಂದಿರುಗುವ ಸ್ಥಿತಿ. ಹಸಿರು ಪಾಚಿ, ತೇಲುವ ಚೀಲಗಳು, ಯಾರೋ ಎಸೆದುಹೋದ ಅರ್ಧ ಸೋಫಾ, ಇವಕ್ಕೆಲ್ಲ ಅವರ ಕಣ್ಣು ಮೂಗು ಒಗ್ಗಿಹೋಗಿದ್ದವು. ಸೊಳ್ಳೆಗೆ ಮಾತ್ರ ಚರ್ಮ ಒಗ್ಗಲಿಲ್ಲ. ಮೈಸೂರಿನ ಸೊಳ್ಳೆ ಕಿವಿಯ ಹತ್ತಿರ ಹಾಡಿ ಅಪ್ಪಣೆ ಪಡೆದು ಕಚ್ಚುತ್ತದೆ, ಇಲ್ಲಿಯದು ಲೋಕಲ್ ಟ್ರೇನಿಗೆ ನುಗ್ಗಿದವನ ಹಾಗೆ ಜಾಗ ಕಂಡಲ್ಲಿ ಕೂತುಬಿಡುತ್ತದೆ ಎಂಬುದು ಅವರ ದೂರು.

ಎರಡು ವರ್ಷದ ಹಿಂದೆ ಈ ದೂರನ್ನೇ ಅರ್ಜಿಯಾಗಿ ಬರೆದು ಮಹಾನಗರಪಾಲಿಕೆಗೆ ಕಳಿಸಿದ್ದರು. ಅರ್ಜಿ ಮೇಜಿನಿಂದ ಮೇಜಿಗೆ ಹೋಗುತ್ತಾ ಬೆಳೆಯಿತು. ಮೊದಲನೆಯವರು 'ಸೊಳ್ಳೆ ಇರುವುದರಿಂದ ನೀರು ಇರಬಹುದು' ಎಂದು ಷರಾ ಬರೆದರು. ಎರಡನೆಯವರು ನೀರು ಇರುವುದರಿಂದ ದಂಡೆಯೂ ಇದೆ ಎಂದು ಕಂಡುಹಿಡಿದರು. ಮೂರನೆಯವರಿಗೆ ಆ ದಂಡೆಯ ಮೇಲೆ ಸಂಜೆ ಹೊತ್ತು ಜನ ಐಸ್‌ಕ್ರೀಮ್ ತಿನ್ನುತ್ತಾ ಓಡಾಡುವುದು ಕಾಣಿಸಿತು. ಕಡೆಗೆ 'ತಲಾವ್ ಸುಂದರೀಕರಣ ಮಂಡಳಿ' ಎಂಬುದೊಂದು ಹುಟ್ಟಿ, ವಾಕಿಂಗ್ ಪಥ, ಸೆಲ್ಫಿ ಪಾಯಿಂಟ್, ಸಂಗೀತ ಕಾರಂಜಿ, ತುಳಿಯುವ ಹಂಸದ ದೋಣಿ ಎಲ್ಲ ಮಂಜೂರಾದವು. ಔಷಧ ಮಾತ್ರ ಯಾವುದೋ ಮೇಜಿನ ಮೇಲೆ ಉಳಿದುಹೋಯಿತು.

ಆ ಭಾನುವಾರ ಬೆಳಿಗ್ಗೆ ಉದ್ಘಾಟನೆ. ವೆಂಕಟಸುಬ್ಬಯ್ಯನವರು ಬನಿಯನ್ನು, ಪಂಚೆಯಲ್ಲಿ ಬಾಲ್ಕನಿಯ ಕುರ್ಚಿಯಲ್ಲಿ ಕೂತು ಕಾಫಿ ಹೀರುತ್ತಾ, ಎಲ್ಲವನ್ನೂ ಇಲ್ಲಿಂದಲೇ ನೋಡಿ ಮುಗಿಸುವ ಯೋಚನೆಯಲ್ಲಿದ್ದರು. ಆಗ ಬಾಗಿಲು ತಟ್ಟದೆ ವಾರಿಜಕ್ಕ ಒಳಗೆ ಬಂದರು. ಅವರ ಗಂಡ ದೂಜಣ್ಣ ಗ್ರಾಂಟ್ ರೋಡಿನಲ್ಲಿ ಹೋಟೆಲು ನಡೆಸುತ್ತಿದ್ದರು. ವಾರಿಜಕ್ಕ ಉಳಿದ ಎಲ್ಲರನ್ನೂ ನಡೆಸುತ್ತಿದ್ದರು.

"ಎಂತ ಮಾರಾಯ್ರೆ, ಇನ್ನೂ ಬನಿಯನಿನಲ್ಲೇ ಕೂತಿದ್ದೀರಾ? ಅಲ್ಲಿ ಉದ್ಘಾಟನೆ ಮಾಡುವ ಸಾಹೇಬರು ಬಂದಾಯ್ತು!"

"ನಾನ್ಯಾಕಮ್ಮ ಅಲ್ಲಿ? ಇಲ್ಲಿಂದ್ಲೇ ಚೆನ್ನಾಗ್ ಕಾಣ್ಸತ್ತೆ."

"ಅರ್ಜಿ ಬರೆದದ್ದು ನೀವಲ್ವಾ?"

"ನಾನು ಬರ್ದಿದ್ದು ಸೊಳ್ಳೆ ವಿಷ್ಯ."

"ಸೊಳ್ಳೆಯನ್ನು ಕರೆದು ಶಾಲು ಹೊದೆಸ್ಲಿಕ್ಕೆ ಆಗ್ತದಾ? ಏಳಿ ಏಳಿ."

ಅಡಿಗೆಮನೆಯಿಂದ ಹೆಂಡತಿ ವನಮಾಲಾ ಇಸ್ತ್ರಿ ಮಾಡಿದ ಬಿಳಿ ಷರ್ಟು ಹಿಡಿದೇ ಬಂದರು. "ಹೋಗ್ಬನ್ನಿ. ಹನ್ನೊಂದು ವರ್ಷದಲ್ಲಿ ಈ ಊರಲ್ಲಿ ನಿಮ್ಮನ್ನ ಯಾರಾದ್ರೂ ಕರ್ದಿದ್ದು ಇದೇ ಮೊದ್ಲು."

ದಂಡೆಯ ಮೇಲೆ ಶಾಮಿಯಾನ, ಇನ್ನೂರು ಕುರ್ಚಿ. ಕೂತಿದ್ದವರು ಮೂವತ್ತು ಜನ. ಅದರಲ್ಲಿ ಇಪ್ಪತ್ತೈದು ಮಂಡಳಿಯವರೇ. ಮಂಡಳಿಯ ಇಂಜಿನಿಯರ್ ಖಾಲಿ ಕುರ್ಚಿಗಳನ್ನು ನೋಡಿ ನೋಡಿ ಬೆವರುತ್ತಿದ್ದ. ಸಾಹೇಬರು ರಿಬ್ಬನ್ ಕತ್ತರಿಸಿದರು. ಆಮೇಲೆ ದೋಣಿಯ ಸರದಿ. ಪ್ಲಾಸ್ಟಿಕ್ಕಿನ ಬಿಳಿ ಹಂಸ. ಬಣ್ಣ ಹಚ್ಚಿದವನ ಕೈತಪ್ಪಿನಿಂದ ಅದಕ್ಕೆ ಮಾಲುಗಣ್ಣು. ಕತ್ತು ಒಂದು ಕಡೆ ವಾಲಿ, ನಿದ್ದೆ ಸಾಲದವರ ಹಾಗೆ ಕಾಣುತ್ತಿತ್ತು. ಸಾಹೇಬರು ಅದನ್ನೊಮ್ಮೆ, ನೀರನ್ನೊಮ್ಮೆ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು, "ಪೆಹಲೇ ಪಬ್ಲಿಕ್ ಕೋ ಬಿಠಾವೋ" ಎಂದು ಮೊದಲ ಸವಾರಿಯನ್ನು ಪಬ್ಲಿಕ್ಕಿಗೆ ಬಿಟ್ಟುಕೊಟ್ಟರು.

ಇಂಜಿನಿಯರ್ ಪಬ್ಲಿಕ್ಕಿಗಾಗಿ ಸುತ್ತಮುತ್ತ ಹುಡುಕಿದ. ಪಬ್ಲಿಕ್ಕು ತನ್ನ ಚಪ್ಪಲಿ ನೋಡಿಕೊಂಡಿತು.

"ಇದಾರಲ್ಲ, ಇವರೇ! ಅರ್ಜಿ ಕೊಟ್ಟವರು!" ಎಂದು ವಾರಿಜಕ್ಕ ವೆಂಕಟಸುಬ್ಬಯ್ಯನವರ ಬೆನ್ನಿಗೆ ಕೈ ಕೊಟ್ಟು ಮುಂದೆ ತಳ್ಳಿದರು.

"ಅಯ್ಯೋ, ನನಗೆ ಈಜು ಬರಲ್ಲ! ಮುಝೆ ತೈರನಾ ನಹೀ ಆತಾ!"

"ಈಜುವುದು ಹಂಸ, ನೀವಲ್ಲ," ಎಂದರು ವಾರಿಜಕ್ಕ.

ಇಂಜಿನಿಯರ್ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತಂದ. ಅದು ಎಂಟು ವರ್ಷದ ಮಗುವಿನ ಅಳತೆಯದು. ಗುಂಡಿ ಹತ್ತದೆ ಅವರ ಎದೆಯ ಮೇಲೆ ಜೊಲ್ಲುಬಟ್ಟೆಯಂತೆ ನೇತಾಡಿತು. ದೋಣಿಯಲ್ಲಿ ಇಬ್ಬರು ಕೂತರೇ ಸಮತೋಲ ಎಂದಾಗ ವಾರಿಜಕ್ಕ ಮುಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಗಂಡನನ್ನೂ ಎಬ್ಬಿಸಿ ಕಳಿಸಿದರು. ದೂಜಣ್ಣನ ತೂಕ ನೂರ ಹತ್ತು ಕಿಲೋ. ಅವರು ಕೂತ ಕಡೆ ಹಂಸ ನೀರಿಗೆ ಬಾಗಿತು. ವೆಂಕಟಸುಬ್ಬಯ್ಯನವರ ಕಡೆ ಆಕಾಶಕ್ಕೆ ಎದ್ದಿತು.

ಹಗ್ಗ ಹಿಡಿದಿದ್ದವನು ಸಾಯಬಣ್ಣ. ಮೂರು ತಿಂಗಳು ತನ್ನ ಆಳುಗಳ ಜೊತೆ ತಲಾವಿಗಿಳಿದು ಹೂಳು ಎತ್ತಿದ ಕಲಬುರಗಿ ಕಡೆಯ ಮೇಸ್ತ್ರಿ. "ಸಾಹೇಬ್ರ, ಒಂದ್ ಮಾತ್ ಕೇಳ್ರಿ. ನಟ್ಟ ನಡುವ ಕಾರಂಜಿ ಪೈಪ್ ಅದಾವು..." ಎಂದು ಶುರುಮಾಡಿದ.

"ಬಾದ್ ಮೇ, ಸಾಯಬಣ್ಣ, ಬಾದ್ ಮೇ!" ಎಂದು ಇಂಜಿನಿಯರ್ ಹಗ್ಗ ಕಿತ್ತುಕೊಂಡು ನೀರಿಗೆಸೆದ.

ಹಂಸ ಹೊರಟಿತು. ವೆಂಕಟಸುಬ್ಬಯ್ಯನವರು ಪ್ರಾಣಭಯದಿಂದ ದಂಡೆಯ ಕಡೆಗೆ ತುಳಿದರು. ದೂಜಣ್ಣ ಅರೆನಿದ್ದೆಯಲ್ಲಿ ಎತ್ತಲೋ ತುಳಿದರು. ಹಂಸ ಗಾಣದೆತ್ತಿನಂತೆ ನಾಲ್ಕು ಸುತ್ತು ಸುತ್ತಿ, ಸುತ್ತುತ್ತಲೇ ಸರಿದು ನಟ್ಟ ನಡುವೆ ಬಂದು ಟಕ್ ಎಂದು ನಿಂತಿತು.

"ದೂಜಣ್ಣ, ಏನಕ್ಕೋ ಸಿಕ್ಕಾಕೊಂಡ್ತು."

"ಆಗ್ಲಿ. ಗಾಳಿ ಒಳ್ಳೇದುಂಟು," ಎಂದರು ದೂಜಣ್ಣ ಕಣ್ಣು ಮುಚ್ಚಿಕೊಂಡೇ.

ಅದೇ ಹೊತ್ತಿಗೆ ಸಾಹೇಬರು ಸಂಗೀತ ಕಾರಂಜಿಯ ಗುಂಡಿ ಒತ್ತಿದರು.

ಮೊದಲು ಕೇಳಿಸಿದ್ದು ಶಹನಾಯಿ. ಆಮೇಲೆ ನೀರಿನ ಕೆಳಗೆ ಯಾರೋ ದೊಡ್ಡ ಮನುಷ್ಯರು ಗಂಟಲು ಸರಿಮಾಡಿಕೊಂಡಂಥ ಸದ್ದು. ಆಮೇಲೆ, ಮೂರು ತಿಂಗಳು ಸಾಯಬಣ್ಣ ಎತ್ತಿಯೂ ಉಳಿದಿದ್ದ ಕೆಸರೆಲ್ಲ ಹಂಸದ ನಾಲ್ಕೂ ಕಡೆಯಿಂದ ತಾಳಕ್ಕೆ ಸರಿಯಾಗಿ ಮೇಲಕ್ಕೆ ಚಿಮ್ಮಿತು. ವೆಂಕಟಸುಬ್ಬಯ್ಯನವರ ಬಿಳಿ ಷರ್ಟು ಅರೆಗಳಿಗೆಯಲ್ಲಿ ಕಪ್ಪಾಯಿತು. ಶಹನಾಯಿ ಏರಿದಾಗಲೆಲ್ಲ ನೀರು ಹಂಸವನ್ನು ಒಂದು ಮೊಳ ಎತ್ತುವುದು, ಇಳಿದಾಗ ಧೊಪ್ಪೆಂದು ಕೂರಿಸುವುದು. ದೂಜಣ್ಣನಿಗೆ ಪೂರ್ತಿ ಎಚ್ಚರವಾಯಿತು.

"ನಿಲ್ಸಿ! ಬಂದ್ ಕರೋ! ನಿಲ್ಸ್ರಪ್ಪಾ!" ವೆಂಕಟಸುಬ್ಬಯ್ಯನವರು ಎರಡೂ ಕೈ ಎತ್ತಿ ಕೂಗಿದರು.

ದಂಡೆಯವರಿಗೆ ಅದು ಕುಣಿತದಂತೆ ಕಾಣಿಸಿತು. ಚಪ್ಪಾಳೆ ಬಿತ್ತು. ರಸ್ತೆಯಲ್ಲಿ ಹೋಗುತ್ತಿದ್ದ ರಿಕ್ಷಾಗಳು ನಿಂತವು. ಸ್ಟೇಷನ್ನಿಗೆ ಹೊರಟವರು ಸ್ಟೇಷನ್ನು ಮರೆತರು. ಕಾಲು ಗಂಟೆಯಲ್ಲಿ ಇನ್ನೂರು ಕುರ್ಚಿಯೂ ತುಂಬಿ, ದಂಡೆಯ ಉದ್ದಕ್ಕೂ ಜನ ಮೊಬೈಲು ಎತ್ತಿ ಹಿಡಿದು ನಿಂತರು. ಭೇಲ್‌ಪುರಿಯವನು ಬಂದ, ಬಲೂನಿನವನು ಬಂದ. "ಒನ್ಸ್ ಮೋರ್, ಅಂಕಲ್!" ಎಂಬ ಕೂಗು ಎದ್ದಿತು.

ಇಂಜಿನಿಯರ್ ಗುಂಡಿ ಒತ್ತಿಯೇ ಒತ್ತಿದ. ಕಾರಂಜಿ ನಿಲ್ಲಲಿಲ್ಲ. ನಿಲ್ಲಿಸುವ ಪಾಸ್‌ವರ್ಡ್ ಗುತ್ತಿಗೆದಾರನ ಹತ್ತಿರ, ಗುತ್ತಿಗೆದಾರ ಮಾವನ ಮನೆಗೆ ಹೋಗಿದ್ದ, ಫೋನು ಎತ್ತುತ್ತಿರಲಿಲ್ಲ. ಸಾಹೇಬರು ಮಾತ್ರ ಜನಸಾಗರ ನೋಡಿ ಕರಗಿಹೋಗಿದ್ದರು. "ಐಟಂ ಅಚ್ಛಾ ರಖಾ ಹೈ" ಎಂದು ಮೆಚ್ಚಿ ಇಂಜಿನಿಯರನ ಬೆನ್ನು ತಟ್ಟಿದರು. ಅವನು ನಿಲ್ಲಿಸುವ ಪ್ರಯತ್ನವನ್ನು ಅಲ್ಲಿಗೇ ಬಿಟ್ಟ.

ಹಂಸದ ಮೇಲೆ ವೆಂಕಟಸುಬ್ಬಯ್ಯನವರು ತಮಗೆ ಗೊತ್ತಿದ್ದ ದೇವರನ್ನೆಲ್ಲ ಕರೆದರು. ಕತ್ತು ತಿರುಗಿಸಿದಾಗ ಅವರದೇ ಬಾಲ್ಕನಿ ಕಾಣಿಸಿತು. ಅಲ್ಲಿ ವನಮಾಲಾ ನಿಂತಿದ್ದರು. ಅವರ ಪಕ್ಕದಲ್ಲಿ ಯಾರೋ ಅಜ್ಜಿ. ಅಜ್ಜಿಯ ಪಕ್ಕದಲ್ಲಿ ಏಳೆಂಟು ಜನ. "ವನೂ, ಯಾರಿಗಾದ್ರೂ ಹೇಳೇ!" ಎಂದು ಕಿರಿಚಿದರು. ಶಹನಾಯಿಯಲ್ಲಿ ಅದು ಮುಳುಗಿಹೋಯಿತು. ವನಮಾಲಾ ಕೈ ಬೀಸಿ ಒಳಗೆ ಹೋದರು.

ಮುಕ್ಕಾಲು ಗಂಟೆ ಕಳೆದ ಮೇಲೆ ಸಾಯಬಣ್ಣನಿಗೆ ತಡೆಯಲಾಗಲಿಲ್ಲ. ಧೋತರ ಮೇಲೆ ಕಟ್ಟಿ, ಯಾರನ್ನೂ ಕೇಳದೆ ನೀರಿಗಿಳಿದು ನಡೆದ. ನಡೆದೇ ನಡೆದ. ನೀರು ಅವನ ಸೊಂಟದಿಂದ ಮೇಲಕ್ಕೆ ಬರಲೇ ಇಲ್ಲ.

"ಬರ್ರಿ ಅಣ್ಣಾರ, ಇಳೀರಿ."

"ಇಷ್ಟೇನೇನಯ್ಯಾ ಆಳ? ಮೊದ್ಲೇ ಹೇಳ್ಬಾರ್ದಿತ್ತಾ?"

"ನಮ್ಮ ಮಾತ ಯಾರ್ ಕೇಳ್ತಾರ್ರೀ? ಬಾದ್ ಮೇ, ಆಮ್ಯಾಲ ಅಂದ್ರಲ್ಲ, ಈಗ ಬಂದೀನಿ ನೋಡ್ರಿ."

ವೆಂಕಟಸುಬ್ಬಯ್ಯನವರು ಧೈರ್ಯ ಮಾಡಿ ಇಳಿದರು. ಕಾಲು ಹೂಳಿನಲ್ಲಿ ಮೊಣಕಾಲಿನವರೆಗೆ ಹೂತಿತು. ಸಾಯಬಣ್ಣ ಅವರನ್ನು ಮೂಲಂಗಿಯ ಹಾಗೆ ಕಿತ್ತು ಉಪ್ಪುಮೂಟೆ ಹೊತ್ತುಕೊಂಡು ಹೊರಟ. ಹಿಂದೆ ದೂಜಣ್ಣ, "ನನ್ನನ್ನು ಹೊರುವುದು ಬೇಡ, ನಿನಗೂ ಹೆಂಡತಿ ಮಕ್ಕಳಿದ್ದಾರೆ" ಎನ್ನುತ್ತಾ ನಡೆದೇ ಬಂದರು. ಭಾರ ಇಳಿದ ಹಂಸ ಮಾತ್ರ ಶಹನಾಯಿಗೆ ಕುಣಿಯುತ್ತಲೇ ಇತ್ತು.

ದಂಡೆಯಲ್ಲಿ ಶಿಳ್ಳೆ. ಸಾಹೇಬರು ವೆಂಕಟಸುಬ್ಬಯ್ಯನವರ ಕೆಸರು ತಮಗೆ ತಾಗದಂತೆ ದೂರದಿಂದಲೇ ಹಾರ ಎಸೆದರು. ಅದು ಸಾಯಬಣ್ಣನ ಕೊರಳಿಗೆ ಬಿತ್ತು. ಅವನು ನಾಚಿಕೊಂಡು ನಕ್ಕ.

ವೆಂಕಟಸುಬ್ಬಯ್ಯನವರು ಬರಿಗಾಲಲ್ಲಿ ಮನೆಗೆ ಬಂದರೆ ಬಾಗಿಲಿನಿಂದ ಮೆಟ್ಟಿಲು ಇಳಿದು ಅಂಗಳದವರೆಗೆ ಜನರ ಸಾಲು. ದಾಟಿ ಒಳಗೆ ಹೋಗಹೊರಟವರನ್ನು ಒಬ್ಬ ತಡೆದ. "ಅಂಕಲ್, ಲೈನ್ ಸೇ ಆವೋ."

"ಇದು ನನ್ನ ಮನೆ!"

"ಸಬ್ ಐಸಾ ಹೀ ಬೋಲ್ತೇ ಹೈ," ಎಲ್ಲರೂ ಹೇಳುವುದು ಹೀಗೇ ಎಂದ ಅವನು.

ಇಪ್ಪತ್ತು ನಿಮಿಷ ಸಾಲಿನಲ್ಲಿ ನಿಂತು ತಮ್ಮ ಮನೆ ಸೇರಿದರು. ಬಾಲ್ಕನಿ ಕಿಕ್ಕಿರಿದಿತ್ತು. ಅವರ ಕುರ್ಚಿಯಲ್ಲಿ ಆ ಅಜ್ಜಿ ಕೂತು ಅವರ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದಳು. ವನಮಾಲಾ ಸೆರಗು ಸಿಕ್ಕಿಸಿಕೊಂಡು ತಟ್ಟೆ ಹಿಡಿದು ಓಡಾಡುತ್ತಿದ್ದರು.

"ಏನೇ ಇದು?"

"ಆ ಅಜ್ಜಿ ಬಿಸಿಲಲ್ಲಿ ನಿಂತಿದ್ರು, ಪಾಪ, ಒಳಗೆ ಕರ್ದೆ. ಕಾಫಿ ಕೊಟ್ಟೆ. ವಾಸನೆ ಹಿಡ್ಕೊಂಡು ಎಲ್ರೂ ಬಂದ್ರು. ಬೇಡ ಅನ್ನಕ್ಕಾಗತ್ತಾ? ಎಲ್ರೂ ನಿಮ್ಮನ್ನ ನೋಡಕ್ಕೇ ಬಂದೋರು." ಆಮೇಲೆ ಗಂಡನನ್ನು ಸರಿಯಾಗಿ ನೋಡಿ, "ಅಯ್ಯೋ ರಾಮ, ಹಾಗೇ ಬಚ್ಚಲಿಗೆ ನಡೀರಿ, ಏನೂ ಮುಟ್ಬೇಡಿ!" ಎಂದರು.

ಮೂರು ಬಕೆಟ್ ನೀರು ಸುರಿದುಕೊಂಡು ಹೊರಬರುವ ಹೊತ್ತಿಗೆ ಜನ ಕರಗಿದ್ದರು. ಕುರ್ಚಿ ಖಾಲಿಯಾಗಿತ್ತು. ವೆಂಕಟಸುಬ್ಬಯ್ಯನವರು ಕೂತು ನೋಡಿದರು. ಕೊನೆಗೂ ಪಾಸ್‌ವರ್ಡ್ ಸಿಕ್ಕಿ ಕಾರಂಜಿ ನಿಂತಿತ್ತು. ದಂಡೆಯ ಕಲ್ಲಿನ ಮೇಲೆ ಒಂದು ಸಂಸಾರ ಡಬ್ಬಿ ಬಿಚ್ಚಿ ಊಟ ಮಾಡುತ್ತಿತ್ತು. ಇಬ್ಬರು ಮುದುಕರು ನೀರಿಗೆ ಮುಖ ಮಾಡಿ ಇಸ್ಪೀಟು ಹಾಕಿದ್ದರು. ಒಂದು ಬೆಳ್ಳಕ್ಕಿ ಬಂದು ಹಂಸದ ತಲೆಯ ಮೇಲೆ ಕೂತಿತ್ತು. ಮೈಯೆಲ್ಲ ನೋಯುತ್ತಿದ್ದರೂ ಅವರ ಎದೆಯಲ್ಲಿ ಏನೋ ಒಂದು ಉಬ್ಬಿತು. ಇದೆಲ್ಲ ತಮ್ಮ ಕೈಯಿಂದ ಆದದ್ದು. ರಿಟೈರಾಗಲು ಇನ್ನು ಮೂರೇ ವರ್ಷ. ಆಮೇಲೆ ದಿನವೂ ಇಲ್ಲೇ, ಹೀಗೇ ಕೂರುವುದು.

"ವನೂ, ನೋಡು ಬಾ, ಎಷ್ಟು ಚೆನ್ನಾಗಿದೆ," ಎಂದು ಕರೆದರು.

ಬಂದವರು ವಾರಿಜಕ್ಕ. ಕೈಯಲ್ಲಿ ಬಿಸಿ ಗೋಳಿಬಜೆಯ ತಟ್ಟೆ. ಹಿಂದೆ ಮಿಂದು ಮಡಿಬಟ್ಟೆ ಉಟ್ಟ ದೂಜಣ್ಣ.

"ತಿನ್ನಿ ಸುಬ್ಬಯ್ಯನವರೇ. ನೀವು ಮನುಷ್ಯರಲ್ಲ, ದೇವರು," ಎಂದರು ವಾರಿಜಕ್ಕ. ವೆಂಕಟಸುಬ್ಬಯ್ಯನವರು ಸಂಕೋಚದಿಂದ ಒಂದು ಗೋಳಿಬಜೆ ಬಾಯಿಗಿಟ್ಟರು.

"ಈ ಬಾಲ್ಕನಿಯಲ್ಲಿ ಎಷ್ಟು ಜನ ಹಿಡೀತಾರೆ ಅಂತ ನನಗೆ ಇವತ್ತೇ ಗೊತ್ತಾದದ್ದು. ಬರೀ ಕಾಫಿಗೆ ಗೇಟಿನ ತನಕ ಲೈನು! ಇವರಿಗೂ ದಿನಾ ಗ್ರಾಂಟ್ ರೋಡಿಗೆ ಹೋಗಿ ಬಂದು ಸಾಕಾಗಿದೆ. ಇಲ್ಲೇ ಒಂದು ಹೋಟೆಲು ಹಾಕುವ ಅಂತ. ಹೊರಗೆ ನಾಲ್ಕು ಟೇಬಲು, ಹಾಲಿನಲ್ಲಿ ಆರು. ಮುಂದಿನ ತಿಂಗಳೇ ಶುರು."

ವೆಂಕಟಸುಬ್ಬಯ್ಯನವರು ಇನ್ನೊಂದು ಗೋಳಿಬಜೆಗೆ ಚಾಚಿದ ಕೈ ಹಿಂದೆ ತೆಗೆದರು. "ಮತ್ತೆ... ನಾವು?"

"ನಿಮ್ಮನ್ನು ಬೀದಿಗೆ ಹಾಕ್ತೇನಾ ನಾನು? ವಡಾಲದಲ್ಲಿ ನನ್ನ ಅಣ್ಣನ ಮನೆ ಖಾಲಿ ಉಂಟು. ಎದುರಿಗೆ ಒಂದು ಕೊಳಚೆ ನಾಲಾ ಉಂಟು, ಟಾರಿನ ಹಾಗೆ ಕಪ್ಪು. ಕಿಟಕಿ ಮುಚ್ಚಿಕೊಂಡ್ರೆ ಏನೂ ಗೊತ್ತಾಗುವುದಿಲ್ಲ. ಅದನ್ನು ಯಾವ ಮಂಡಳಿಯವರೂ ಚೆಂದ ಮಾಡ್ಲಿಕ್ಕಿಲ್ಲ. ನೀವು ನಿಶ್ಚಿಂತೆಯಿಂದ ಇರಬಹುದು."

ಬಾಗಿಲಲ್ಲಿ ನಿಂತಿದ್ದ ವನಮಾಲಾ ಗಂಡನನ್ನು ನೋಡಿದರು. ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ಅಷ್ಟರಲ್ಲಿ ದೂಜಣ್ಣ ಜೇಬಿನಿಂದ ಅಳತೆಯ ಟೇಪು ತೆಗೆದಿದ್ದರು. ಬಾಲ್ಕನಿಯ ಕಂಬಿಗೆ ಒಂದು ತುದಿ ಒತ್ತಿ ಹಿಡಿದು, "ಸುಬ್ಬಯ್ಯನವರೇ, ಇದನ್ನು ಸ್ವಲ್ಪ ಹಿಡೀತೀರಾ?" ಎಂದು ಇನ್ನೊಂದು ತುದಿ ಚಾಚಿದರು. ಯಾರು ಏನು ಕೇಳಿದರೂ ಇಲ್ಲವೆನ್ನುವ ಅಭ್ಯಾಸವಿಲ್ಲದ ಕೈ ಅದನ್ನು ಹಿಡಿದುಕೊಂಡಿತು.

"ಸ್ವಲ್ಪ ಹಿಂದೆ ಹೋಗಿ... ಇನ್ನೂ ಸ್ವಲ್ಪ... ಹಾಂ, ಇನ್ನೂ."

ವೆಂಕಟಸುಬ್ಬಯ್ಯನವರು ಟೇಪು ಹಿಡಿದು ಹಿಂದೆ ಹಿಂದೆ ಸರಿದರು. ಬಾಲ್ಕನಿ ದಾಟಿತು, ಹಾಲ್ ದಾಟಿತು. ದೂಜಣ್ಣ "ಸಾಕು" ಎನ್ನುವ ಹೊತ್ತಿಗೆ ಅವರು ಹೊಸ್ತಿಲಿನ ಆಚೆ ನಿಂತಿದ್ದರು.