ಕಾಜಲ ನಡೆಯುವ ಸಿನಿಮಾ

ತೀರಿಹೋದ ಹೆಂಡತಿ ಕಾಜಲಳ ಫೋಟೋಗಳು ಧನರಾಜನ ಮೊಬೈಲಿನಲ್ಲಿ ಬೇಕಾದಷ್ಟಿದ್ದವು. ಎಲ್ಲದರಲ್ಲೂ ಅವಳು ನಿಂತೇ ಇದ್ದಳು. ಅವನಿಗೆ ನೋಡಬೇಕಾಗಿದ್ದುದು ಅವಳ ನಡಿಗೆ.

ಕುರನೂರ ಡ್ಯಾಮಿನ ಬಳಿ ಪುಣೆಯವರು ಹಿಂದೊಮ್ಮೆ ತೆಗೆದ ಸಿನಿಮಾ ಸೋಲಾಪುರದಲ್ಲಿ ಒಂದೇ ಆಟ ಎಂದು ತಿಳಿದದ್ದೇ ತಡ, ಮಗ್ಗದ ಕಾರಖಾನೆಗೆ ರಜೆ ಹಾಕಿದ. ಬಟ್ಟೆ ಒಗೆದು, ಬುಟ್ಟಿ ಹೊತ್ತು ಡ್ಯಾಮಿನ ಏರಿಯನ್ನು ಹತ್ತುವ ಕಾಜಲಳನ್ನು ಅವರು ಕ್ಯಾಮೆರಾದಲ್ಲಿ ಹಿಡಿದಿದ್ದರು. ಅಂದು ಅವನು ಓಡಿಬಂದು, ಹಿಂದಿನ ದಾರಿಯಿಂದ ಮನೆಗೆ ಹೋಗೆಂದು ಅವಳಿಗೆ ಗದರಿ, ಆಮೇಲೆ ಕ್ಯಾಮೆರಾದವನ ಜತೆ ಜಗಳ ತೆಗೆದಿದ್ದ. ನಮ್ಮ ಕೆಲಸ ಆಗಿಹೋಯಿತು ಎಂದು ಆತ ನಕ್ಕಿದ್ದ. ಆ ನಗುವಿಗೆ ಧನರಾಜ ಈಗ ಮನಸ್ಸಿನಲ್ಲೇ ಕೈಮುಗಿದ.

ಬೆನ್ನಿಗೆ ಕಾಜಲ ಕೆಂಪು ತೇಪೆ ಹಾಕಿದ್ದ ಬಿಳಿ ಅಂಗಿ ತೊಟ್ಟು ಅವನು ಹೊರಟದ್ದನ್ನು ಪಕ್ಕದ ಮನೆಯ ಭಾಗಾಬಾಯಿ ನೋಡಿದಳು. ಹೆಣ್ಣು ನೋಡಲು ಹೊರಟಿದ್ದಾನೆಂದು ಗುಮಾನಿಪಟ್ಟು, ಗಂಡ ಹುಲೆಪ್ಪನನ್ನೂ ಎಳೆದುಕೊಂಡು ಅದೇ ಬಸ್ಸು ಹತ್ತಿದಳು. ಸಿನಿಮಾ ಮಂದಿರದಲ್ಲೂ ಅವನ ಹಿಂದಿನ ಸಾಲಿನಲ್ಲೇ ಕೂತಳು.

ಪರದೆಯ ಮೇಲೆ ಖಾಲಿ ಕುರ್ಚಿ ಬಂತು. ಬಹಳ ಹೊತ್ತು ಇತ್ತು. ಆಮೇಲೆ ಒಂದು ಆಡು. ಒಬ್ಬ ಮುದುಕ ಸತ್ತ. ತುಸು ಹೊತ್ತಿನ ಮೇಲೆ ಅವನೇ ಕೂತು ಚಹಾ ಕುಡಿದ. ಮತ್ತೆ ಕುರ್ಚಿ. ಎಮ್ಮೆ ಮೆಲುಕು ಹಾಕಿದಂತೆ ಸಾಗಿತ್ತು ಸಿನಿಮಾ.

"ಸತ್ತಾಂವ ಹೆಂಗ ಚಾ ಕುಡದ?" ಭಾಗಾಬಾಯಿ ಕೇಳಿದಳು.

"ಮದಲ ಆಗಿದ್ದು ಆಮ್ಯಾಲ ತೋರಸ್ತಾರ ಕಾಕು. ಸತ್ತವರು ತಿರುಗಿ ಬರತಾರ ಇದರಾಗ."

ಹೇಳಿದ ಮೇಲೆ ಆ ಮಾತು ಧನರಾಜನಿಗೇ ಬಹಳ ಹಿಡಿಸಿತು.

ಹುಲೆಪ್ಪನ ಗೊರಕೆ ಶುರುವಾಯಿತು. ಭಾಗಾಬಾಯಿ ಚುರುಮುರಿ ಚೀಲ ಮುಂದೆ ಚಾಚಿ ಅವನ ಭುಜ ತಿವಿದಳು. ಧನರಾಜ ತಿರುಗಲಿಲ್ಲ. ರೆಪ್ಪೆ ಬಡಿಯದೆ ಕಣ್ಣಲ್ಲಿ ನೀರು ಬರತೊಡಗಿತ್ತು.

ಕೊನೆಗೂ ಪರದೆಗೆ ಡ್ಯಾಮಿನ ಏರಿ ಬಂತು. ಕೆಳಗೆ ದೂರದಲ್ಲಿ ಬುಟ್ಟಿ ಹೊತ್ತ ಒಂದು ಚುಕ್ಕೆ. ಎಡಗೈ ಬೀಸುವ ಬಗೆಯಲ್ಲೇ ಅವನಿಗೆ ಗುರುತು ಸಿಕ್ಕಿತು. ಇನ್ನೇನು ಮುಖ ಕಾಣಬೇಕು, ಒಂದು ಬೆನ್ನು ಬಂದು ಕ್ಯಾಮೆರಾದ ಮುಂದೆ ಕದ ಹಾಕಿದಂತೆ ನಿಂತಿತು.

ಬೆನ್ನು ಅಲುಗಲಿಲ್ಲ. ಸಿನಿಮಾಕ್ಕೂ ಅವಸರವಿರಲಿಲ್ಲ.

ಧನರಾಜ ಎದ್ದು ನಿಂತ. "ಬಾಜೂಕ ಸರಿಯೋ ಮಗನ. ಹಿಂದ ನನ್ನ ಹೇಣ್ತಿ ಬರಾಕತ್ತಾಳ."

ಭಾಗಾಬಾಯಿ ಪರದೆಯ ಮೇಲಿನ ಬೆನ್ನಿನ ಕೆಂಪು ತೇಪೆಯನ್ನು ನೋಡಿದಳು. ತನ್ನ ಮೂಗಿನ ಮುಂದಿನ ತೇಪೆಯನ್ನೂ ನೋಡಿದಳು.

"ಧನರಾಜ, ಅಲ್ಲೂ ನೀನೇ ನಿಂತೀ, ಇಲ್ಲೂ ನೀನೇ ನಿಂತೀ. ಅಕಿನ್ನ ಯಾವ ಕಡಿಂದ ನೋಡೂದಪ್ಪಾ?"

ಅವನು ಕುಳಿತ. ಪರದೆಯ ಮೇಲಿನವನು ಮಾತ್ರ ಕೈ ಬೀಸಿ ಯಾರನ್ನೋ ಗದರುತ್ತ ನಿಂತೇ ಇದ್ದ. ಅವನು ಸರಿದಾಗ ಏರಿಯ ಮೇಲೆ ಯಾರೂ ಇರಲಿಲ್ಲ.

ಮತ್ತೆ ಖಾಲಿ ಕುರ್ಚಿ ಬಂತು.