ಹದಿನೇಳು ದೋಸೆ ತಿಂದ ಚಾಂಪಿಯನ್

ಮೊದಲು ಒಂದು ಒಗಟು. ಸಟ್ಟುಗ ಹಿಡಿದು ಗೆದ್ದ, ಚೆಂಡಿಲ್ಲದೆ ಆಡಿದ, ಬಾತುಕೋಳಿಯ ದೆಸೆಯಿಂದ ಕೆಲಸ ಕಳೆದುಕೊಳ್ಳುವುದರಲ್ಲಿದ್ದ, ನಮ್ಮಮ್ಮನ ಎದುರೂ ಸೋಲಲಿಲ್ಲ. ಯಾರು ಹೇಳಿ?

ತಲೆ ಕೆರೆದುಕೊಳ್ಳಬೇಡಿ, ನಿಮಗೆ ಬರಲ್ಲ. ಉತ್ತರ ಗೊತ್ತಿರುವವರು ನ್ಯೂಯಾರ್ಕಿನ ಈ ಇಡೀ ಜ್ಯಾಕ್ಸನ್ ಹೈಟ್ಸ್‌ನಲ್ಲಿ ನಾಲ್ಕೇ ಜನ, ಅದರಲ್ಲಿ ಮೂವರು ನಮ್ಮ ಮನೆಯವರು. ನನ್ನ ಸುತ್ತಮುತ್ತ ಇಂಥವು ಆಗುತ್ತಲೇ ಇರುತ್ತವೆ. ನನ್ನ ಗ್ರಹಚಾರದಿಂದ ಆಗುತ್ತವೆ ಅಂತ ಅಮ್ಮ ಹೇಳುತ್ತಾಳೆ. ನನ್ನಿಂದಲೇ ಆಗುತ್ತವೆ ಅಂತ ಸ್ಕೂಲಿನ ಪ್ರಿನ್ಸಿಪಾಲ್ ಕಾಗದ ಬರೆಯುತ್ತಾರೆ.

೧. ಸಟ್ಟುಗ

ನಮ್ಮ ಅಪಾರ್ಟ್‌ಮೆಂಟಿನಿಂದ ಎರಡು ಬ್ಲಾಕ್ ಆಚೆ ಒಂದು ಚೈನೀಸ್ ಹೋಟೆಲಿದೆ. ಅದರ ಬೇಸ್‌ಮೆಂಟಿನಲ್ಲಿ ಮೂರು ಟೇಬಲ್ಲಿನ ಟೇಬಲ್ ಟೆನ್ನಿಸ್ ಹಾಲ್. ಸ್ಕೂಲಿನಲ್ಲಿ ಆಲ್ಜೀಬ್ರಾ ನಡೆಯುವ ಹೊತ್ತಿಗೆ ನಾನು ಅಲ್ಲಿರುತ್ತಿದ್ದೆ. ಅಲ್ಲಿ ನಾನೇ ರಾಜ. ಆಟ ಚೆನ್ನಾಗಿತ್ತು ಅಂತಲ್ಲ, ಬಾಯಿ ಚೆನ್ನಾಗಿತ್ತು. ಎದುರಿನವನು ಸರ್ವ್ ಮಾಡುವ ಕ್ಷಣಕ್ಕೆ ಸರಿಯಾಗಿ, ನಿನ್ನ ಶೂ ಲೇಸ್ ಬಿಚ್ಚಿದೆ ನೋಡು ಅನ್ನುತ್ತಿದ್ದೆ. ಅದೊಂದರಿಂದಲೇ ಎಷ್ಟೋ ಗೇಮ್ ಗೆದ್ದಿದ್ದೇನೆ.

ಒಂದು ಮಧ್ಯಾಹ್ನ ಮೇಲಿನ ಅಡಿಗೆಮನೆಯಿಂದ ಒಬ್ಬ ಮನುಷ್ಯ ಇಳಿದು ಬಂದ. ನಲವತ್ತರ ಹತ್ತಿರದ ವಯಸ್ಸು, ಏಪ್ರನ್ನು, ಕೈಯಲ್ಲಿ ಅನ್ನ ಮಗುಚುವ ಅಗಲವಾದ ಸಟ್ಟುಗ. ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನೋಡುವವರು ಸಿಕ್ಕರೆ ನನ್ನ ಬಾಯಿ ನಿಲ್ಲಲ್ಲ. ಆಡ್ತೀಯಾ ಅಂದೆ. ಬ್ಯಾಟಿಲ್ಲ ಅಂದ. ಕೈಯಲ್ಲಿದೆಯಲ್ಲ, ಅದರಲ್ಲೇ ಆಡು ಅಂದೆ.

ಅವನು ಸಟ್ಟುಗವನ್ನು ಏಪ್ರನ್ನಿಗೆ ಒರೆಸಿಕೊಂಡು ಬಂದು ನಿಂತ. ಇಪ್ಪತ್ತೊಂದು–ಎರಡು. ನನಗೆ ಸಿಕ್ಕ ಎರಡರಲ್ಲಿ ಒಂದು, ಮೇಲಿನಿಂದ ಯಾರೋ ಕೂಗಿದಾಗ ಅವನು ತಿರುಗಿದ್ದಕ್ಕೆ. ಇನ್ನೊಂದು ಶೂ ಲೇಸಿನದು. ಅವನು ನಿಜವಾಗಿ ಬಗ್ಗಿ ನೋಡಿದ. ಹಾಕಿಕೊಂಡಿದ್ದದ್ದು ರಬ್ಬರ್ ಬೂಟು.

ಆಟ ಮುಗಿದ ಮೇಲೆ, ತಾನು ಚೀನಾದಲ್ಲಿ ತನ್ನ ಪ್ರಾಂತ್ಯದ ಚಾಂಪಿಯನ್ ಆಗಿದ್ದೆ ಅಂದ. ಹಾಲಿನಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಅವತ್ತಿನಿಂದ ಅವರು ನನಗೆ ಮಾಸ್ಟರ್, ಏಕವಚನ ಬಂದ್.

ಆ ದಿನದ ಫ್ರೈಡ್ ರೈಸ್ ಪ್ಲಾಸ್ಟಿಕ್ ವಾಸನೆ ಹೊಡೀತಿದೆ ಅಂತ ಇಬ್ಬರು ಗಿರಾಕಿಗಳು ವಾಪಸ್ ಕಳಿಸಿದರಂತೆ.

೨. ಚೆಂಡು ಬೇಡ

ಮಾಸ್ಟರ್ ಬ್ಯಾಟನ್ನು ಪೆನ್ನಿನ ಹಾಗೆ ಹಿಡಿಯುತ್ತಾರೆ. ನನಗೂ ಹಾಗೇ ಹಿಡಿ ಅಂದರು. ಮನೆಗೆ ಬಂದು ಹೇಳಿದೆ. ಅಪ್ಪ ಧಾರವಾಡದವರು, ಇಲ್ಲಿ ಎಂಜಿನಿಯರ್. ಪೇಪರ್ ಕೆಳಗಿಳಿಸದೆ ಅಂದರು, "ಪೆನ್ನನ್ನ ಪೆನ್ನಿನಂಗ ಹಿಡಿಯಾಕ ಬರಂಗಿಲ್ಲ ನಿನಗ. ಬ್ಯಾಟ್ ಏನ್ ಹಿಡೀತಿ."

ಮಾಸ್ಟರ್ ಹೋಟೆಲಿನ ಬಿಡುವಿನಲ್ಲಿ ದಿನಾ ಮೂರರಿಂದ ಐದರವರೆಗೆ ಕಲಿಸುತ್ತಿದ್ದರು. ಕಲಿಸುವುದು ಅಂದರೆ, ಗೋಡೆಗೆ ಎದುರಾಗಿ ನಿಂತು ಗಾಳಿಗೆ ಬ್ಯಾಟ್ ಬೀಸುವುದು. ಐನೂರು ಸಲ. ಒಂದು ವಾರ ಬೀಸಿದೆ. ಎರಡನೇ ವಾರ ನನ್ನ ಬುದ್ಧಿ ಜಾಗೃತವಾಯಿತು. ಹಾಲಿನಲ್ಲಿದ್ದ ಅಷ್ಟೂ ಚೆಂಡನ್ನು ಒಂದು ಚೀಲಕ್ಕೆ ತುಂಬಿ ಬಾಯ್ಲರಿನ ಹಿಂದೆ ಬಚ್ಚಿಟ್ಟೆ. ಚೆಂಡೇ ಇಲ್ಲದೆ ಇವರು ಏನು ಮಾಡುತ್ತಾರೆ ನೋಡೋಣ ಅಂತ.

ಮಾಸ್ಟರ್ ಬಂದರು, ಗೋಡೆ ತೋರಿಸಿದರು, ಐನೂರು ಬೀಸಿಸಿದರು, ಹೋದರು. ಮರುದಿನವೂ ಅಷ್ಟೇ. ನಾಲ್ಕನೇ ದಿನ ನಾನೇ ತಡೆಯಲಾರದೆ, ಮಾಸ್ಟರ್, ಚೆಂಡು ಕಳೆದುಹೋಗಿದೆ ಅಂದೆ. ಅವರು ಆರಾಮಾಗಿ ಹೇಳಿದರು: ಅವರ ದೇಶದಲ್ಲಿ ರಾಜಕೀಯದ ಗಲಾಟೆಯಿಂದ ಕೆಲವು ವರ್ಷ ಆಟವೇ ನಿಂತುಹೋಗಿತ್ತು. ಬ್ಯಾಟು, ಟೇಬಲ್ಲು ಎಲ್ಲಕ್ಕೂ ಬೀಗ. ಆಗ ತಮ್ಮ ಕೋಣೆಯಲ್ಲಿ ಗೋಡೆ ಮುಂದೆ ನಿಂತು, ಬರಿಗೈಯಲ್ಲಿ, ದಿನಾ ಸಾವಿರ ಸಲ ಬೀಸುತ್ತಿದ್ದರಂತೆ. ಆಮೇಲೆ ಹಾಂಗ್‌ಕಾಂಗ್, ಅಲ್ಲಿಂದ ಇಲ್ಲಿಗೆ, ಪಾತ್ರೆ ತೊಳೆಯಲು. ಆದರೂ ಕೈ ಮರೆತಿಲ್ಲ.

ಸದ್ದಿಲ್ಲದೆ ಹೋಗಿ ಚೀಲ ತಂದೆ. ಬಾಯ್ಲರಿನ ಬಿಸಿಗೆ ಚೆಂಡುಗಳೆಲ್ಲ ಮೆತ್ತಗಾಗಿ ಸೊಟ್ಟಂಬಟ್ಟ ಆಗಿದ್ದವು. ಮಾಸ್ಟರ್ ಒಂದನ್ನು ಎತ್ತಿ ನೋಡಿ, ಒಳ್ಳೇದಾಯಿತು, ಇನ್ನೂ ಒಂದು ತಿಂಗಳು ಗೋಡೆ ಅಂದರು.

೩. ಸೋಮವಾರದ ಬಾತುಕೋಳಿ

ಆ ವರ್ಷ ಚೀನಾದ ಆಟಗಾರರ ತಂಡ ಅಮೆರಿಕಾಕ್ಕೆ ಬಂದು ಹೋಗಿತ್ತು. ಕಂಡವರೆಲ್ಲ ಬ್ಯಾಟ್ ಕೊಳ್ಳುತ್ತಿದ್ದರು. ನ್ಯೂಜೆರ್ಸಿಯ ಒಂದು ಕ್ಲಬ್ಬು ಕೋಚ್ ಬೇಕು ಅಂತ ಪೇಪರಿನಲ್ಲಿ ಹಾಕಿತು. ಮಾಸ್ಟರಿಗೆ ಆ ಕೆಲಸ ಸಿಕ್ಕರೆ ಮತ್ತೆ ಆಟದವರಾಗುತ್ತಾರೆ. ಸಿಗದಿದ್ದರೆ ಟೆಕ್ಸಸ್‌ನಲ್ಲಿ ಅವರ ಸೋದರ ಸಂಬಂಧಿಯ ಲಾಂಡ್ರಿ ಕಾಯುತ್ತಿತ್ತು. ಟಿಕೆಟ್ ಕಳಿಸುತ್ತೇನೆ ಬಾ ಅಂತ ಆತ ವಾರಕ್ಕೊಂದು ಕಾಗದ ಹಾಕುತ್ತಿದ್ದ. ಅಲ್ಲಿ ಬೀಸಲು ಇಸ್ತ್ರಿಪೆಟ್ಟಿಗೆ ಬಿಟ್ಟರೆ ಏನೂ ಇಲ್ಲ ಅಂತ ಮಾಸ್ಟರೇ ಹೇಳಿದ್ದರು.

ಕ್ಲಬ್ಬಿನ ಸೆಕ್ರೆಟರಿ, ಬೋ ಟೈ ಕಟ್ಟುವ ಮುದುಕ, ಸರ್ಟಿಫಿಕೇಟ್ ಕೇಳಿದ. ಮಾಸ್ಟರ್ ಪದಕ, ಕಾಗದ ಎಲ್ಲ ಊರಲ್ಲೇ ಬಿಟ್ಟು ಬಂದವರು. ನಾನಿರುವಾಗ ಯಾಕೆ ಚಿಂತೆ? ಹೋಟೆಲಿನ ಅಡಿಗೆಮನೆ ಬಾಗಿಲಿಗೆ ಒಂದು ಚೀನೀ ಬರಹ ಅಂಟಿಸಿದ್ದರು. ಕಪ್ಪು ಮಸಿ, ದಪ್ಪ ಅಕ್ಷರ, ಮೂಲೆಯಲ್ಲಿ ಕೆಂಪು ಮೊಹರು. ನೋಡಿದರೆ ಯಾರೇ ಆದರೂ ಕೈ ಮುಗಿಯಬೇಕು, ಹಾಗಿತ್ತು. ಬಿಡಿಸಿಕೊಂಡು, ಫ್ರೇಮ್ ಹಾಕಿಸಿ, ಮಾಸ್ಟರಿಗೂ ಹೇಳದೆ ಅರ್ಜಿಯ ಜೊತೆ ಕಳಿಸಿಬಿಟ್ಟೆ.

ಸೆಕ್ರೆಟರಿ ಎಷ್ಟು ಮೆಚ್ಚಿದ ಅಂದರೆ ಅದನ್ನು ಕ್ಲಬ್ಬಿನ ಗೋಡೆಗೆ ಹಾಕಿ, ಪ್ರಿನ್ಸ್‌ಟನ್‌ನಿಂದ ಒಬ್ಬ ಚೀನೀ ಪ್ರೊಫೆಸರನ್ನು ಕರೆಸಿದ. ಕಮಿಟಿಯವರೆಲ್ಲ ಸೂಟು ಹಾಕಿಕೊಂಡು ಕೂತಿದ್ದಾರೆ, ಎದುರಿಗೆ ಮಾಸ್ಟರ್ ಮತ್ತು ನಾನು. ಪ್ರೊಫೆಸರ್ ಕನ್ನಡಕ ಏರಿಸಿ ಗಂಭೀರವಾಗಿ ಓದಿದರು. ಸೋಮವಾರ ಬಾತುಕೋಳಿ ಸಿಗುವುದಿಲ್ಲ. ಮೀನು ಕೇಳಿ.

ಸೆಕ್ರೆಟರಿಯ ಮುಖ ಬೋ ಟೈಗಿಂತ ಕೆಂಪಾಯಿತು. ಮಾತು ಒಂದೇ: ಬರುವ ತಿಂಗಳು ಪಾರ್ಸಿಪನಿಯಲ್ಲಿ ಓಪನ್ ಟೂರ್ನಮೆಂಟ್ ಇದೆ, ಅದನ್ನು ಗೆದ್ದರೆ ಕೆಲಸ, ಇಲ್ಲದಿದ್ದರೆ ಈ ಬಾಗಿಲಿಗೆ ಬರಬೇಡಿ. ಇದಕ್ಕೇನು ಹೇಳುತ್ತೀರಿ ಅಂತ ಫ್ರೇಮನ್ನು ಮಾಸ್ಟರ್ ಮುಂದೆ ಹಿಡಿದ. ಮಾಸ್ಟರ್ ಅದನ್ನು ನೋಡಿದರು, ನನ್ನನ್ನು ನೋಡಿದರು.

"ಇದು ತಪ್ಪಿ ಬಂದಿದೆ ಸರ್," ಅಂದರು. "ಆದರೆ ಸುಳ್ಳಲ್ಲ. ಸೋಮವಾರ ಬಾತುಕೋಳಿ ನಿಜವಾಗಿ ಇರುವುದಿಲ್ಲ."

೪. ಹದಿನೇಳು

ಟೂರ್ನಮೆಂಟಿನ ಶನಿವಾರ ಮಾಸ್ಟರ್ ಎಲ್ಲರನ್ನೂ ಗುಡಿಸಿ ಹಾಕಿದರು. ಭಾನುವಾರ ಫೈನಲ್. ಬೆಳಿಗ್ಗೆ ನಮ್ಮ ಮನೆಯಲ್ಲಿ ತಿಂಡಿ, ಆಮೇಲೆ ಅಪ್ಪ ಡ್ರೈವ್ ಮಾಡಿಕೊಂಡು ಕರೆದೊಯ್ಯುವುದು. ಚಳಿಗಾಲ. ಅಮ್ಮ ಉದ್ದಿನಬೇಳೆಗೆ ಮ್ಯಾನ್‌ಹಟನ್‌ವರೆಗೆ ಹೋಗಿ ಬಂದು, ಹಿಟ್ಟು ಹುಳಿ ಬರಲಿ ಅಂತ ಎರಡು ದಿನ ರೇಡಿಯೇಟರ್ ಮೇಲೆ ಇಟ್ಟು, ಮೇಲೆ ನನ್ನ ಸ್ವೆಟರ್ ಹೊದಿಸಿದ್ದಳು.

ಮಾಸ್ಟರ್ ಬರುವ ಮೊದಲು ಅಮ್ಮನಿಗೆ ಹೇಳಿದೆ: ಅವರ ಕಡೆ ಹೊಟ್ಟೆ ತುಂಬಿದವರು ತಟ್ಟೆಯಲ್ಲಿ ಸ್ವಲ್ಪ ಬಿಡುತ್ತಾರೆ. ತಟ್ಟೆ ಖಾಲಿ ಅಂದರೆ ಇನ್ನೂ ಹಸಿವು ಅಂತ. ಮಾಸ್ಟರ್ ಮೆಟ್ಟಿಲು ಹತ್ತುವಾಗ ಅವರಿಗೆ ಹೇಳಿದೆ: ನಮ್ಮ ಕಡೆ ತಟ್ಟೆಯಲ್ಲಿ ಒಂದು ಚೂರು ಬಿಟ್ಟರೂ ಬಡಿಸಿದವರಿಗೆ ಅವಮಾನ. ಎರಡೂ ನಿಜ. ಸುಳ್ಳು ಹೇಳಿ ಎಷ್ಟೋ ಸಲ ಸಿಕ್ಕಿಬಿದ್ದಿದ್ದೇನೆ. ನಿಜ ಹೇಳಿ ಅನಾಹುತ ಮಾಡಿದ್ದು ಅದೇ ಮೊದಲು.

ಐದಕ್ಕೋ ಆರಕ್ಕೋ ಯಾರಾದರೂ ಕೈ ಎತ್ತುತ್ತಾರೆ, ನಕ್ಕು ನಿಲ್ಲಿಸೋಣ ಅಂದುಕೊಂಡಿದ್ದೆ. ಮಾಸ್ಟರ್ ತಟ್ಟೆ ಖಾಲಿ ಮಾಡುತ್ತಾರೆ, ಅಮ್ಮ ಅಯ್ಯೋ ಪಾಪ ಅಂತ ಇನ್ನೊಂದು ಹಾಕುತ್ತಾಳೆ. ಅವರು ಅದನ್ನೂ ಮುಗಿಸುತ್ತಾರೆ. ಒಂಬತ್ತಕ್ಕೆ ಅವರ ಹಣೆಯಲ್ಲಿ ಬೆವರು. ಹನ್ನೆರಡಕ್ಕೆ ಬೆಲ್ಟು ಸಡಿಲವಾಯಿತು. ನಾನು ಬಾಯಿ ಬಿಡಬೇಕಿತ್ತು, ಆದರೆ ಬಿಟ್ಟರೆ ಅಮ್ಮನ ಕೈಯಲ್ಲಿ ಬಿಸಿ ಸಟ್ಟುಗ ಇತ್ತು.

"ಎಷ್ಟು ಹಸಿದಿತ್ತೋ ಏನೋ ಜೀವ," ಅಂತ ಅಮ್ಮ ಕಣ್ಣೊರೆಸಿಕೊಂಡಳು. "ಇಷ್ಟು ದಿನ ಯಾರೂ ವಿಚಾರಿಸಿಲ್ಲ ಅಂತ ಕಾಣುತ್ತೆ."

ಅಪ್ಪ ಮೊದಲ ಸಲ ಪೇಪರ್ ಕೆಳಗಿಟ್ಟರು. "ಇಂವಾ ಮ್ಯಾಚ್ ಆಡಾಕ ಹೊಂಟಾನೋ, ಬೀಗರೂಟಕ್ಕ ಬಂದಾನೋ?"

ಹದಿನೇಳಕ್ಕೆ ನಿಂತಿತು. ಯಾರೂ ನಿಲ್ಲಿಸಲಿಲ್ಲ, ಹಿಟ್ಟು ಮುಗಿಯಿತು.

೫. ಇಪ್ಪತ್ತು–ಇಪ್ಪತ್ತು

ಕಾರಿನ ಹಿಂದಿನ ಸೀಟಿನಲ್ಲಿ ಮಾಸ್ಟರ್ ಕಣ್ಣು ಮುಚ್ಚಿ ಕೂತಿದ್ದರು. ಹೈವೇಯಲ್ಲಿ ಒಂದೊಂದು ಗುಂಡಿ ಬಂದಾಗಲೂ ನನ್ನ ಎದೆಯಲ್ಲಿ ಟೆಕ್ಸಸ್, ಲಾಂಡ್ರಿ, ಇಸ್ತ್ರಿಪೆಟ್ಟಿಗೆ. ಕಡೆಗೆ ತಪ್ಪೊಪ್ಪಿಕೊಂಡೆ. ಬಾತುಕೋಳಿಯ ಹಾಗೆ ಇದೂ ನನ್ನದೇ ಕೆಲಸ ಅಂದೆ.

"ನಾಲ್ಕನೇ ದೋಸೆಗೇ ಗೊತ್ತಾಯಿತು," ಅಂದರು.

ಮತ್ತೆ ಯಾಕೆ ತಿಂದಿರಿ ಅಂದೆ.

"ಚೆನ್ನಾಗಿತ್ತು."

ಎದುರಾಳಿ ಉದ್ದ ಕಾಲಿನ ಕಾಲೇಜು ಹುಡುಗ. ಟೇಬಲ್ಲಿನಿಂದ ಹತ್ತಡಿ ಹಿಂದೆ ನಿಂತು ಮಾಸ್ಟರನ್ನು ಆ ಮೂಲೆಗೂ ಈ ಮೂಲೆಗೂ ಓಡಿಸಿದ. ಮೊದಲ ಎರಡು ಗೇಮ್ ಹೋದವು. ಮಾಸ್ಟರಿಗೆ ಓಡಲು ಆಗುತ್ತಿರಲಿಲ್ಲ. ಮೂರನೆಯದಕ್ಕೆ ಓಡುವುದನ್ನೇ ಬಿಟ್ಟರು. ಹೊಟ್ಟೆಯನ್ನು ಟೇಬಲ್ಲಿಗೆ ಆನಿಸಿ ನಿಂತು, ಚೆಂಡು ಟೇಬಲ್ ಮುಟ್ಟಿ ಮೇಲೇಳುವಷ್ಟರಲ್ಲೇ ಬಾರಿಸತೊಡಗಿದರು. ಅದೇ ಗೋಡೆಯ ಮುಂದಿನ ಬೀಸು, ಸಾವಿರ ಸಲದ್ದು, ಒಂದು ಹೆಜ್ಜೆಯೂ ಕದಲದೆ. ಈಗ ಓಡುವ ಸರದಿ ಹುಡುಗನದು. ಎರಡು–ಎರಡು. ಕೊನೆಯ ಗೇಮ್ ಇಪ್ಪತ್ತು–ಇಪ್ಪತ್ತು, ಆಮೇಲೆ ಇಪ್ಪತ್ತೊಂದು–ಇಪ್ಪತ್ತು. ಇನ್ನೊಂದು ಬಂದರೆ ಕೆಲಸ.

ಹಾಲ್ ಪೂರ್ತಿ ನಿಶ್ಶಬ್ದ. ಬೋ ಟೈ ಸೆಕ್ರೆಟರಿ ಉಸಿರು ಬಿಗಿಹಿಡಿದಿದ್ದಾನೆ. ಹುಡುಗ ಸರ್ವ್ ಮಾಡಲು ಚೆಂಡು ಮೇಲೆ ಹಾರಿಸಿದ. ಅದೇ ಕ್ಷಣಕ್ಕೆ ಮಾಸ್ಟರ್ ಹೊಟ್ಟೆಯ ಪಾತಾಳದಿಂದ ಒಂದು ತೇಗು ಎದ್ದಿತು. ಹದಿನೇಳೂ ದೋಸೆ ಒಟ್ಟಿಗೆ ಕೂಗಿದ ತೇಗು. ಜಿಮ್ಮಿನ ಕಿಟಕಿ ಗಾಜು ನಡುಗಿತು. ಹುಡುಗ ಬೆಚ್ಚಿ ಬೀಸಿದ, ಚೆಂಡು ನೆಟ್ಟಿಗೆ ಬಿತ್ತು. ಮಾಸ್ಟರ್ ಎರಡೂ ಕೈ ಜೋಡಿಸಿ ಅವನಿಗೆ ಕ್ಷಮಾಪಣೆ ಕೇಳಿದರು. ಚಾಂಪಿಯನ್.

ಅವರು ಗೆದ್ದದ್ದು ನಿಜ. ಕೋಚ್ ಆದದ್ದೂ ನಿಜ, ಬೇಕಾದರೆ ಆ ಕ್ಲಬ್ಬಿಗೆ ಹೋಗಿ ನೋಡಿ, ಐವತ್ತು ಮಕ್ಕಳು ಗೋಡೆಗೆ ಮುಖ ಮಾಡಿ ಚೆಂಡಿಲ್ಲದೆ ಬೀಸುತ್ತಿರುತ್ತಾರೆ. ಆದರೆ ಆ ತೇಗು ನಾನು ಕಟ್ಟಿದ್ದು. ಕೊನೆಯ ಗೇಮ್ ನಾನು ನೋಡೇ ಇಲ್ಲ, ಸ್ಕೋರು ಆಮೇಲೆ ಬೋರ್ಡಿನಲ್ಲಿ ಓದಿದ್ದು. ನಾಲ್ಕನೇ ಗೇಮ್ ಮುಗಿದಾಗ ಅವರ ಮುಖ ನೋಡಲಾಗದೆ, ಹೊಟ್ಟೆಗೆ ಔಷಧಿ ತರುತ್ತೇನೆ ಅಂತ ಓಡಿದ್ದೆ. ಸೀಸೆ ಹಿಡಿದು ವಾಪಸ್ ಬರುವಷ್ಟರಲ್ಲಿ ಜನ ಕೈಕುಲುಕುತ್ತಿದ್ದರು. ಹೇಗೆ ಗೆದ್ದಿರಿ ಅಂತ ಇವತ್ತಿಗೂ ಕೇಳುತ್ತೇನೆ. ಗೆದ್ದೆ, ಅಷ್ಟೇ ಅನ್ನುತ್ತಾರೆ. ಅದಕ್ಕೇ ನಾನೇ ಒಂದು ತೇಗು ಸೇರಿಸಿದೆ. ಹದಿನೇಳು ದೋಸೆ ತಿನ್ನಿಸಿದವನು ನಾನು. ನನ್ನ ಪಾಲಿಗೆ ಒಂದು ಪಾಯಿಂಟಾದರೂ ಬೇಡವೇ?