ಮೀಥೇನ್ ಯಾವೂರ ದೇವರು?

ಗೊತ್ತಿರುವುದನ್ನು ಕಲಿಸುವುದಕ್ಕಿಂತ ಗೊತ್ತಿಲ್ಲದ್ದನ್ನು ಕಲಿಸುವುದರಲ್ಲಿ ಹೆಚ್ಚು ಸುಖವಿದೆ ಎಂದರೆ ನೀವು ನಗಬಹುದು. ನಗಿರಿ, ನನ್ನ ಹೆಂಡತಿಯೂ ನಕ್ಕಳು. ಇಂಡಿ ಪಟ್ಟಣದ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಕನ್ನಡ ಕಲಿಸುತ್ತಲೇ ನನ್ನ ತಲೆ ನೆರೆತಿದೆ. ಸಂಧಿ, ಸಮಾಸ, ಛಂದಸ್ಸು ಎಲ್ಲ ನಾಲಿಗೆಯ ತುದಿಯಲ್ಲೇ ಇವೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಡವರಿಸದೆ ಹೇಳುತ್ತೇನೆ. ಬಹುಶಃ ಅದಕ್ಕೇ ನನ್ನ ಪಾಠ ಕೇಳುವ ಹುಡುಗರಿಗೂ ನಿದ್ದೆ ಬರುತ್ತದೆ. ಮಾಸ್ತರನಿಗೆ ಒಂದಿಷ್ಟಾದರೂ ಭಯ ಇರಬೇಕು, ಮುಂದಿನ ಸಾಲು ಬರುತ್ತದೋ ಇಲ್ಲವೋ ಎಂಬ ಅನುಮಾನ ಇರಬೇಕು. ಆಗ ಹುಡುಗರು ಎಚ್ಚರವಾಗಿರುತ್ತಾರೆ, ಮಾಸ್ತರ ಯಾವಾಗ ಎಡವುತ್ತಾನೆ ಎಂದು ಕಾಯುತ್ತ. ಈ ಜ್ಞಾನೋದಯ ನನಗಾದದ್ದು ಈಚೆಗೆ, ಕೆಮಿಸ್ಟ್ರಿ ಕಲಿಸಲು ಹೋದಾಗ.

ನಮ್ಮ ಕಾಲೇಜಿನಲ್ಲಿ ಕೆಮಿಸ್ಟ್ರಿಗೆ ಶಬಾನಾ ಮೇಡಂ ಇದ್ದಾರೆ. ಮುದ್ದೇಬಿಹಾಳದವರು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ಮಾತಿನಲ್ಲಿ ನನಗಿಂತ ಬಹಳ ಜೋರು. ಅವರು ಯಾವುದೋ ತರಬೇತಿಗೆ ಹೋಗಬೇಕಾಯಿತು. ಅವರ ಮೊದಲ ವರ್ಷದ ಕ್ಲಾಸಿನ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಫ್ಯಾನಿನ ಕೆಳಗೆ ಸುಮ್ಮನೆ ಕೂತಿರುತ್ತಿದ್ದವನು ನಾನೊಬ್ಬನೇ. ಮೇಡಂ ಪುಸ್ತಕ ತಂದು ನನ್ನ ಮುಂದಿಟ್ಟರು. "ಸರ, ರಾಸಾಯನಿಕ ಬಂಧ ನಡದೈತಿ. ನೀವು ಏನೂ ಕಲಸಬ್ಯಾಡ್ರಿ. ಹುಡುಗುರು ಗದ್ಲ ಮಾಡಲಾರದಂಗ ನೋಡಕೊಂಡ್ರ ಸಾಕು," ಎಂದರು. ಏನೂ ಕಲಿಸಬೇಡಿ ಎಂದ ಮಾತು ನನ್ನ ಎದೆಗೆ ನಾಟಿತು. ಇಷ್ಟು ವರ್ಷದ ಅನುಭವಸ್ಥನನ್ನು ಹುಡುಗರ ಕಾವಲಿಗೆ ಕೂರಿಸುವುದೆಂದರೇನು? ಅಂದೇ ಪುಸ್ತಕ ಬಿಚ್ಚಿದೆ.

ಬಿಚ್ಚಿ ನೋಡಿದರೆ ಅರ್ಧ ಪಾಠ ನನ್ನದೇ. ಸೋಡಿಯಂ ತನ್ನಲ್ಲಿದ್ದ ಒಂದು ಎಲೆಕ್ಟ್ರಾನ್ ಕಳೆದುಕೊಳ್ಳುತ್ತದೆ, ಕ್ಲೋರಿನ್ ಅದನ್ನು ಪಡೆದುಕೊಳ್ಳುತ್ತದೆ, ಎರಡೂ ಅಂಟಿಕೊಂಡು ಉಪ್ಪಾಗುತ್ತವೆ. ಇದು ಒಂದು ಕಡೆ ಲೋಪ, ಇನ್ನೊಂದು ಕಡೆ ಆಗಮ, ಒಟ್ಟಿನಲ್ಲಿ ಸಂಧಿ. ಮುಂದೆ ಎರಡು ಹೈಡ್ರೋಜನ್ ಪರಮಾಣುಗಳು ತಮ್ಮ ಎಲೆಕ್ಟ್ರಾನುಗಳನ್ನು ಸಮಪಾಲಿನಲ್ಲಿ ಹಂಚಿಕೊಳ್ಳುತ್ತವೆ. ಎರಡೂ ಪದಗಳಿಗೆ ಸಮಾನ ಬೆಲೆ, ಆದ್ದರಿಂದ ದ್ವಂದ್ವ ಸಮಾಸ. ಹೈಡ್ರೋಜನ್ನೂ ಕ್ಲೋರಿನ್ನೂ ಕೂಡಿದರೆ ಹಂಚಿಕೊಂಡದ್ದನ್ನು ಕ್ಲೋರಿನ್ ತನ್ನತ್ತ ಎಳೆದುಕೊಳ್ಳುತ್ತದೆ. ಉತ್ತರ ಪದಕ್ಕೇ ಪ್ರಾಧಾನ್ಯ, ಆದ್ದರಿಂದ ತತ್ಪುರುಷ. ಇದನ್ನು ಕರಿಹಲಗೆಯ ಮೇಲೆ ಬರೆದಾಗ ಹುಡುಗರು ಬಾಯಿ ತೆರೆದು ಕೇಳಿದರು. ಕನ್ನಡದ ಕ್ಲಾಸಿನಲ್ಲಿ ತತ್ಪುರುಷ ಎಂದ ಕೂಡಲೇ ಡೆಸ್ಕಿಗೆ ತಲೆಯಿಡುತ್ತಿದ್ದ ಹುಡುಗರೇ ಅದನ್ನು ನೋಟ್ ಪುಸ್ತಕದಲ್ಲಿ ಬರೆದು ಎರಡೆರಡು ಗೆರೆ ಎಳೆದರು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಇಷ್ಟು ದಿನ ನಾನು ತಪ್ಪು ಡಿಪಾರ್ಟ್‌ಮೆಂಟಿನಲ್ಲಿ ಸಂಬಳ ತಿಂದೆ ಎಂದೂ ಅನಿಸಿತು.

ಸಿಕ್ಕಿಬಿದ್ದದ್ದು ಅಣುಗಳ ಆಕಾರ ಬಂದಾಗ. ಮೀಥೇನ್ ಎಂಬುದೊಂದು ಅಣು ಇದೆ. ನಡುವೆ ಒಂದು ಕಾರ್ಬನ್, ಸುತ್ತ ನಾಲ್ಕು ಹೈಡ್ರೋಜನ್. ನಾನು ಹಲಗೆಯ ಮೇಲೆ ಅಧಿಕ ಚಿಹ್ನೆಯಂತೆ ಬರೆದು ಕೈ ಝಾಡಿಸಿಕೊಂಡೆ. ಲಚ್ಯಾಣದಿಂದ ಬಸ್ಸಿಗೆ ಬರುವ ಭಾಗ್ಯಶ್ರೀ ಎಂಬ ಹುಡುಗಿ ಎದ್ದು ನಿಂತಳು. "ಸರ, ನೀವು ಬರದಿದ್ದು ತೊಂಬತ್ತ ಡಿಗ್ರಿ ಆತು. ಪುಸ್ತಕದಾಗ ನೂರಾ ಒಂಬತ್ತೂವರಿ ಅಂತೈತಿ. ಯಾವುದು ಖರೆ?" ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟೆ. ನಾಳೆ ಹೇಳುತ್ತೇನೆ ಎಂದೆ. ಕನ್ನಡ ಕಲಿಸುವಾಗ ನಾನು ನಾಳೆ ಎಂದವನೇ ಅಲ್ಲ.

ಮರುದಿನ ಹೇಳಿದೆ. "ನಾಕ ಮಂದಿ ಅಣ್ಣತಮ್ಮರು ಆಸ್ತಿ ವಾಟ್ನಿ ಮಾಡಿ ಪಾಲು ತಗೊಂಡ್ರು ಅನಕೋರಿ. ಒಬ್ಬರ ಮಾರಿ ಒಬ್ಬರಿಗೆ ಆಗೂದಿಲ್ಲ. ಆದ್ರ ನಡುವಿನ ಬಾವಿ ಎಲ್ಲಾರಿಗೂ ಬೇಕು, ಬಿಟ್ಟು ಹೋಗಾಕ ಬರೂದಿಲ್ಲ. ಬಯಲಿನ್ಯಾಗ ಮನಿ ಕಟ್ಟಿದ್ರ ನಾಕ ದಿಕ್ಕಿಗೆ ನಾಕ ಮನಿ, ತೊಂಬತ್ತ ಡಿಗ್ರಿ. ಆದ್ರ ಒಬ್ಬಾಂವಗ ಮ್ಯಾಲ ಆಕಾಶದಾಗ ಜಾಗಾ ಸಿಕ್ತು ಅಂದ್ರ? ಉಳದ ಮೂವರು ಕೆಳಗ ಇನ್ನಷ್ಟು ಆರಾಮಾಗಿ ದೂರ ಸರೀತಾರ. ಎಲೆಕ್ಟ್ರಾನ್ ಜೋಡಿಗೋಳೂ ಹಂಗ." ಕ್ಲಾಸು ಗೊಳ್ಳೆಂದಿತು. ವಾಟ್ನಿಯ ಜಗಳ ಯಾರ ಮನೆಯಲ್ಲಿಲ್ಲ ಹೇಳಿ. ಭಾಗ್ಯಶ್ರೀ ಮಾತ್ರ ಬಿಡಲಿಲ್ಲ, "ತಿಳೀತ್ರಿ ಸರ, ಆದ್ರ ಕಣ್ಣಿಗೆ ಕಾಣವಲ್ದು," ಎಂದಳು.

ಕಣ್ಣಿಗೆ ಕಾಣಿಸುವ ಮಾಡೆಲ್ಲುಗಳು ಲ್ಯಾಬಿನ ಕಪಾಟಿನಲ್ಲಿದ್ದವು. ಕಪಾಟಿನ ಕೀಲಿಕೈ ಮೇಡಂ ಬ್ಯಾಗಿನಲ್ಲಿ ತರಬೇತಿಗೆ ಹೋಗಿತ್ತು. ಆದರೇನು, ಇಂಡಿಯಲ್ಲಿ ದುಂಡಗಿನ ವಸ್ತುವಿಗೆ ಬರವೇ? ನಮ್ಮ ಸುತ್ತ ಎಲ್ಲಿ ನೋಡಿದರೂ ನಿಂಬೆ ತೋಟ. ಸಾಹೇಬರನ್ನು ಕಾಣಲು ಹೋಗುವಾಗ ಕೈಯಲ್ಲಿ ನಿಂಬೆಹಣ್ಣು, ಹೊಸ ಗಾಡಿಯ ಗಾಲಿಯ ಕೆಳಗೆ ನಿಂಬೆಹಣ್ಣು, ಊಟದ ತಾಟಿನಲ್ಲಿ ನಿಂಬೆಹೋಳು. ರವಿವಾರ ಬೆಳಿಗ್ಗೆ ಒಂದು ಬುಟ್ಟಿ ಹಣ್ಣು ಮುಂದಿಟ್ಟುಕೊಂಡು ಕೂತೆ. ಕಾರ್ಬನ್ ಕಪ್ಪಗಿರಬೇಕೆಂದು ಪುಸ್ತಕದ ಚಿತ್ರ ಹೇಳುತ್ತಿತ್ತು; ದೊಡ್ಡದೊಂದು ಹಣ್ಣಿಗೆ ಮಗಳ ಕಾಡಿಗೆ ಬಳಿದೆ. ಹೈಡ್ರೋಜನ್ ಬಿಳಿ; ದೇವರ ಜಗಲಿಯ ಮೇಲಿನ ವಿಭೂತಿ ಹಚ್ಚಿದೆ. ನೀರಿನ ಅಣುವಿಗೆ ಕೆಂಪು ಆಕ್ಸಿಜನ್ ಬೇಕಿತ್ತು, ಕುಂಕುಮವಿತ್ತು. ಎಲ್ಲವನ್ನೂ ಕಸಬರಿಗೆಯ ಕಡ್ಡಿ ಚುಚ್ಚಿ ಜೋಡಿಸಿದೆ. ಮೀಥೇನ್ ಮೂರು ಕಾಲಿನ ಮೇಲೆ ನಿಂತು ಒಂದನ್ನು ತಲೆಯ ಮೇಲೆ ಹೊತ್ತುಕೊಂಡು ಎಷ್ಟು ಚೆಂದ ಕಂಡಿತೆಂದರೆ, ನನಗೇ ನನ್ನ ಬೆನ್ನು ತಟ್ಟಿಕೊಳ್ಳಬೇಕೆನಿಸಿತು. ಕಾಡಿಗೆ ಒಣಗಲಿ ಎಂದು ಎರಡೂ ಅಣುಗಳನ್ನು ಮನೆಯ ಮುಂದಿನ ಕಟ್ಟೆಯ ಮೇಲೆ ಬಿಸಿಲಿಗಿಟ್ಟೆ.

ಅದೇ ರವಿವಾರ ನನ್ನ ಮಗಳು ಅಶ್ವಿನಿಯನ್ನು ನೋಡಲು ಮುಳವಾಡದಿಂದ ಬೀಗರು ಬರುವವರಿದ್ದರು ಎಂಬುದನ್ನು ನಾನು ಮರೆತಿರಲಿಲ್ಲ. ಕಟ್ಟೆಯ ಮೇಲೆ ಇಟ್ಟದ್ದಕ್ಕೂ ಅವರು ಬರುವುದಕ್ಕೂ ಸಂಬಂಧವಿದೆ ಎಂದು ಹೊಳೆಯಲಿಲ್ಲ, ಅಷ್ಟೆ. ಅಶ್ವಿನಿ ಸಿಂದಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಹುಡುಗ ದನದ ಡಾಕ್ಟರು. ಇಬ್ಬರೂ ಮೊದಲೇ ಭೆಟ್ಟಿಯಾಗಿ, ಫೋನಿನಲ್ಲಿ ಮಾತಾಡಿ ಮನಸ್ಸು ಕೂಡಿಸಿಕೊಂಡಿದ್ದರು. ಆದರೆ ಅವರ ಮನೆಯಲ್ಲಿ ಎಲ್ಲವೂ ಹುಡುಗನ ದೊಡ್ಡವ್ವ ಕಾಶಿಬಾಯಿಯವರ ಮಾತಿನಂತೆ. ಅವರು ಹೂಂ ಎಂದರೆ ಉಂಟು, ಊಹೂಂ ಎಂದರೆ ಇಲ್ಲ. ಹಿಂದೆ ಬಂದ ಸಂಬಂಧಗಳಿಗೆಲ್ಲ ಮೂಗು ಮುರಿದಿದ್ದ ನನ್ನ ಮಗಳು ಈ ಹುಡುಗನ ಹೆಸರೆತ್ತಿದರೆ ಮುಖ ಆ ಕಡೆ ತಿರುಗಿಸಿ ನಗುತ್ತಿದ್ದಳು. ಆ ನಗು ನೋಡಿ ನನ್ನ ಹೆಂಡತಿ ಸರೋಜಾ ವಾರದಿಂದ ಮನೆಯನ್ನು ತಿಕ್ಕಿ ತಿಕ್ಕಿ ತೊಳೆದಿದ್ದಳು. "ಇವತ್ತೊಂದಿನ ನೀವು ಮಾತ ಕಡಿಮಿ ಆಡ್ರಿ," ಎಂದು ನನಗೂ ತಾಕೀತು ಮಾಡಿದ್ದಳು.

ಕ್ರೂಸರ್ ಗಾಡಿ ಬಂದು ನಿಂತಿತು. ಕಾಶಿಬಾಯಿಯವರು ಒಂದು ಕಾಲು ಕೆಳಗಿಟ್ಟರು, ಇನ್ನೊಂದು ಗಾಡಿಯಲ್ಲೇ ಉಳಿಯಿತು. ಅವರ ಕಣ್ಣು ಕಟ್ಟೆಯ ಮೇಲೆ ನಿಂತಿತ್ತು. "ಯಾರ ಮಾಡ್ಯಾರ ಇದನ್ನ?" ಎಂದು ಕೇಳಿದರು. ನನ್ನ ಕೆಲಸವನ್ನು ಬಂದ ಕೂಡಲೇ ಗುರುತಿಸಿದರಲ್ಲ ಎಂದು ನಾನು ಉಬ್ಬಿಹೋದೆ.

"ನಾನ ಮಾಡೇನ್ರಿ," ಎಂದೆ.

"ನೀವ? ಯಾರ ಮ್ಯಾಲ?"

"ಕಾಲೇಜ ಹುಡುಗುರಿಗೆ ಅಂತ ಮಾಡೇನ್ರಿ. ತಿಳೀಲಾರದವರು ಭಾಳ ಮಂದಿ ಅದಾರ. ಬಾಯಿಲೆ ಹೇಳಿದ್ರ ನಾಟೂದಿಲ್ಲ."

"ಸಣ್ಣ ಹುಡುಗುರ ಮ್ಯಾಲ," ಎಂದು ಅವರು ಗಾಡಿಯ ಬಾಗಿಲು ಹಿಡಿದುಕೊಂಡರು. "ಇದಕ್ಕೇನಂತಾರ?"

"ಮೀಥೇನ್ ಅಂತಾರ್ರಿ."

"ಮೀಥೇನ್ ಯಾವೂರ ದೇವರು?"

ಇಲ್ಲಿಯಾದರೂ ನನಗೆ ತಿಳಿಯಬೇಕಿತ್ತು. ಆದರೆ ಕಲಿಸುವ ಹುರುಪು ಹತ್ತಿದವನಿಗೆ ಎದುರಿನವರ ಮುಖ ಕಾಣುವುದಿಲ್ಲ. "ದೇವರಲ್ರಿ, ಅದು ಎಲ್ಲಾ ಕಡೆ ಐತಿ. ಸಗಣ್ಯಾಗ ಐತಿ, ಕೆಸರಿನ್ಯಾಗ ಐತಿ. ಕಣ್ಣಿಗೆ ಕಾಣೂದಿಲ್ಲ, ವಾಸನಿ ಇಲ್ಲ. ಬೆಂಕಿ ತಗಲಿದ್ರ ಮಾತ್ರ ಭಗ್ ಅಂತ ಹತಗೋತೈತಿ," ಎಂದು ವಿವರಿಸಿದೆ.

ಕಾಶಿಬಾಯಿಯವರು ಕೆಳಗಿಟ್ಟ ಕಾಲನ್ನೂ ಗಾಡಿಯೊಳಗೆ ಎಳೆದುಕೊಂಡರು. "ಗಾಡಿ ತಿರುಗಿಸೋ," ಎಂದು ಡ್ರೈವರನಿಗೆ ಹೇಳಿದರು. ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದ ಸರೋಜಾ ನನ್ನನ್ನು ನೋಡಿದ ನೋಟವನ್ನು ನಾನು ವರ್ಣಿಸಲಾರೆ. ಕನ್ನಡ ಮಾಸ್ತರನಾದರೂ ನನ್ನಲ್ಲಿ ಅದಕ್ಕೆ ಶಬ್ದಗಳಿಲ್ಲ. ಕಾಡಿಗೆ, ಕುಂಕುಮ, ವಿಭೂತಿ, ಚುಚ್ಚಿದ ನಿಂಬೆಹಣ್ಣು ಎಲ್ಲ ಒಟ್ಟಿಗೆ ಆಗ ನನ್ನ ಕಣ್ಣಿಗೂ ಬಿದ್ದವು. ನನ್ನ ಮಗಳ ನಗುವನ್ನು ನಾನೇ ಕಟ್ಟೆಯ ಮೇಲಿಟ್ಟು ಕೊಂದೆನೇ ಎಂದು ನಿಜವಾಗಿಯೂ ಅಳು ಬಂತು.

ಅಷ್ಟರಲ್ಲಿ ಅಶ್ವಿನಿ ಹೊರಗೆ ಬಂದಳು. ಇಳಕಲ್ ಸೀರೆ ಉಟ್ಟಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಯಾರ ಮುಖವನ್ನೂ ನೋಡದೆ ಮೀಥೇನನ್ನು ಎತ್ತಿಕೊಂಡು ಕಡ್ಡಿಗಳನ್ನು ಕಿತ್ತಳು. ಕಾಡಿಗೆ ಬಳಿದ ಕಾರ್ಬನ್ನನ್ನು ಬದಿಗಿಟ್ಟು, ನಾಲ್ಕು ಹೈಡ್ರೋಜನ್ನುಗಳನ್ನು ಅಂಗಳದ ನಳದ ಕೆಳಗೆ ತಿಕ್ಕಿ ತೊಳೆದಳು. ಒಳಗಿನಿಂದ ಚಾಕು, ಸಕ್ಕರೆ, ಉಪ್ಪು, ತಂಬಿಗೆ, ಗ್ಲಾಸು ತಂದು ಅದೇ ಕಟ್ಟೆಯ ಮೇಲೆ ಕೂತು ಕೊಯ್ದು ಹಿಂಡಿದಳು. ಗಾಡಿಯಲ್ಲಿದ್ದವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು; ಡ್ರೈವರ್ ಗಾಡಿ ತಿರುಗಿಸುವುದನ್ನು ಮರೆತಿದ್ದ.

"ದೊಡ್ಡವ್ವಾರ, ಇದು ನಮ್ಮಪ್ಪ ಪಾಠ ಮಾಡು ಸಾಮಾನ. ಅವರಿಗೆ ಇನ್ಯಾವುದೂ ಬರೂದಿಲ್ರಿ," ಎಂದಳು. "ಮಾಟದ ಲಿಂಬಿಹಣ್ಣ ಆಗಿದ್ರ ನಾ ಕುಡೀತಿದ್ನೇನ್ರಿ?" ಎಂದು ಒಂದು ಗ್ಲಾಸು ಶರಬತ್ತನ್ನು ಗಟಗಟ ಕುಡಿದು ಇನ್ನೊಂದನ್ನು ಅವರ ಮುಂದೆ ಹಿಡಿದಳು. ಕಾಶಿಬಾಯಿಯವರು ಗ್ಲಾಸನ್ನು ನೋಡಿದರು, ಹುಡುಗಿಯನ್ನು ನೋಡಿದರು, ನನ್ನನ್ನು ನೋಡಿದರು. ತೆಗೆದುಕೊಂಡು ಒಂದು ಗುಟುಕು ಕುಡಿದರು.

"ಉಪ್ಪು ಕಡಿಮಿ ಆಗೇತಿ," ಎಂದು ಕೆಳಗಿಳಿದರು.

ಮುಂದಿನದನ್ನೆಲ್ಲ ಶರಬತ್ತೇ ನೋಡಿಕೊಂಡಿತು. ಊಟದ ಹೊತ್ತಿಗೆ ಕಾಶಿಬಾಯಿಯವರು ಅಶ್ವಿನಿಯನ್ನು ಮಗ್ಗುಲಲ್ಲೇ ಕೂರಿಸಿಕೊಂಡಿದ್ದರು. "ನಮ್ಮ ಮನ್ಯಾಗ ಎಲ್ಲಾರೂ ನನಗ ಹೆದರತಾರ. ಒಬ್ಬಾಕಿ ಹೆದರಲಾರದಾಕಿ ಬೇಕಾಗಿತ್ತು," ಎಂದರು. ನನಗೆ ಎದ್ದು ಹೋಗಿ ಅವರ ಕಾಲಿಗೆ ಬೀಳಬೇಕೆನಿಸಿತು. ಸರೋಜಾ ಕಣ್ಣಲ್ಲೇ ತಡೆದಳು. ಕೈ ತೊಳೆದುಕೊಂಡ ಮೇಲೆ ಅವರು ನನ್ನತ್ತ ತಿರುಗಿದರು. "ಸರ್ರ, ಲೆಕ್ಚರರ್ ಅಂತ ಕೇಳಿದ್ನಿ. ಹಂಗಾರ ನೀವು ಕೆಮಿಸ್ಟ್ರೀದವರು." ಸರೋಜಾ ಬಾಯಿ ತೆರೆದಳು, ಅಶ್ವಿನಿ ನನ್ನನ್ನೇ ದಿಟ್ಟಿಸಿದಳು. ಮುಂಜಾನೆ ಖರೆ ಹೇಳಿ ಹೇಳಿ ಏನಾಯಿತೆಂದು ನೋಡಿದ್ದೆನಲ್ಲ. "ಸದ್ಯ ಅದನ್ನ ಕಲಸಾಕತ್ತೇನ್ರಿ," ಎಂದೆ. ಇದರಲ್ಲಿ ಸುಳ್ಳೇನಿದೆ, ನೀವೇ ಹೇಳಿ.

"ಭಾಳ ಚೊಲೋ ಆತು. ನಮ್ಮ ಮೊಮ್ಮಗಳು ಪೂರ್ಣಿಮಾ ಬಾಗೇವಾಡ್ಯಾಗ ಪಿಯುಸಿ ಮೊದಲ್ನೇ ವರ್ಷ ಓದಾಕತ್ತಾಳ. ಅದೊಂದ್ರಾಗ ಫೇಲಾಗಾಕತ್ತಾಳ. ರವಿವಾರಕ್ಕೊಮ್ಮಿ ಫೋನಿನ್ಯಾಗ ನೀವ ಹೇಳಿಕೊಡ್ರಿ. ಆಕಿ ಪರೀಕ್ಷಾ ಪಾಸಾಗಲಿ, ಆಮ್ಯಾಲ ಲಗ್ನ ಇಟ್ಕೊಳ್ಳೂಣು," ಎಂದು ಅವರು ಎಲೆ ಅಡಿಕೆ ಬಾಯಿಗಿಟ್ಟರು. ಜೊತೆಗೆ ಬಂದಿದ್ದ ಹುಡುಗನಿಗೆ ನನ್ನ ವಿಷಯ ಕನ್ನಡವೆಂದು ಗೊತ್ತು. ಅವನು ನೆಲ ನೋಡಿಕೊಂಡು ನಗು ನುಂಗುತ್ತಿದ್ದ.

ಶಬಾನಾ ಮೇಡಂ ತರಬೇತಿ ಮುಗಿಸಿ ಬಂದು ಟೆಸ್ಟು ಇಟ್ಟರು. ಅಣುಗಳ ಆಕಾರವನ್ನು ಇಡೀ ಕ್ಲಾಸು ಸರಿಯಾಗಿ ಬರೆದಿತ್ತು. ಹೈಡ್ರೋಜನ್ ಕ್ಲೋರೈಡಿನಲ್ಲಿರುವ ಬಂಧ ಯಾವುದು ಎಂಬ ಪ್ರಶ್ನೆಗೆ ಮಾತ್ರ ಇಡೀ ಕ್ಲಾಸು ತತ್ಪುರುಷ ಸಮಾಸ ಎಂದು ಬರೆದಿತ್ತು. ಮೇಡಂ ಪೇಪರಿನ ಕಟ್ಟನ್ನು ನನ್ನ ಮುಂದೆ ಹಾಕಿದಾಗ ನಾನು ಬೀಗತನದ ಕತೆಯನ್ನೆಲ್ಲ ಹೇಳಿಕೊಂಡೆ. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಆಕಾರ ಚೊಲೋ ಕಲಿಸೀರಿ ಸರ, ಅದಕ್ಕ ನಿಮ್ಮನ್ನ ಬಿಟ್ಟೇನಿ. ಪೂರ್ಣಿಮಾ ಪಾಸಾಗಬೇಕಂದ್ರ ನಾಳಿಂದ ನನ್ನ ಕ್ಲಾಸಿಗೆ ಬಂದು ಕೂಡ್ರಿ," ಎಂದರು.

ಈಗ ದಿನಾ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ವಾರವಿಡೀ ಕಲಿತದ್ದನ್ನು ರವಿವಾರ ಪೂರ್ಣಿಮಾಗೆ ಹೇಳುತ್ತೇನೆ. ಫೋನಿನ ಮೂಲೆಯಲ್ಲಿ ಕಾಶಿಬಾಯಿಯವರ ಅರ್ಧ ಮುಖ ಪಾಠ ಮುಗಿಯುವ ತನಕ ಅಲ್ಲಾಡದೆ ಇರುತ್ತದೆ. ಹುಡುಗಿ ಚುರುಕಾಗಿದ್ದಾಳೆ, ಅನುಮಾನವಿರುವುದು ನನ್ನ ಬಗ್ಗೆಯೇ. ಮೊನ್ನೆ ಮೇಡಂ ನನ್ನತ್ತ ಬೆರಳು ಮಾಡಿ, ನೀರಿನ ಅಣು ನೆಟ್ಟಗಿರದೆ ಬಾಗಿರುವುದು ಯಾಕೆ ಎಂದು ಕೇಳಿದರು. ಎದ್ದು ನಿಂತೆ. ಹಿಂದಿನ ದಿನವೇ ಓದಿದ್ದು, ಬಾಯಿಗೆ ಬರಲಿಲ್ಲ. ನನ್ನ ಮುಂದಿನ ಬೆಂಚಿನಲ್ಲೇ ಇದ್ದ ಭಾಗ್ಯಶ್ರೀ ತಲೆ ತಗ್ಗಿಸಿ ಉತ್ತರವನ್ನು ಪಿಸುಗುಟ್ಟಿದಳು. ಇಂಥ ಪಿಸುಮಾತಿಗಾಗಿ ಅದೆಷ್ಟು ಹುಡುಗರನ್ನು ನಾನು ಕ್ಲಾಸಿನಿಂದ ಹೊರಗೆ ಹಾಕಿದ್ದೇನೋ ಲೆಕ್ಕವಿಲ್ಲ. ಆದರೆ ಇದು ಮಗಳ ಲಗ್ನದ ಪ್ರಶ್ನೆ. ಭಾಗ್ಯಶ್ರೀ ಹೇಳಿದ್ದನ್ನು ಹೇಳಿದ ಹಾಗೆಯೇ ಗಟ್ಟಿಯಾಗಿ ಒಪ್ಪಿಸಿ ಕೂತುಕೊಂಡೆ.